ಓಬಳೇಶನ ಬ್ರೇಕು

ಚಿತ್ರದುರ್ಗದ ಹೊರಗೆ, ಗಾಳಿಯಂತ್ರಗಳು ಸಾಲಾಗಿ ನಿಂತ ಗುಡ್ಡವೊಂದರ ಬುಡದಲ್ಲಿ ಮೋಟಾರ್‌ಸೈಕಲ್ ರೇಸಿನ ಟ್ರ್ಯಾಕಿತ್ತು. ಗುಡ್ಡವನ್ನು ಬಳಸಿಕೊಂಡು ಹೋಗುವ ಆ ಟ್ರ್ಯಾಕಿನ ಮೂರನೆಯ ತಿರುವೆಂದರೆ ಪಳಗಿದ ಸವಾರರಿಗೂ ಎದೆ ಹೊಡೆದುಕೊಳ್ಳುತ್ತಿತ್ತು. ನೇರ ದಾರಿಯಲ್ಲಿ ಪೂರ್ತಿ ವೇಗ ಹಿಡಿದು ಬಂದ ಬೈಕು ಗುಡ್ಡದ ಮರೆಗೆ ಸರಿದದ್ದೇ ತಡ, ರಸ್ತೆ ಬಲಕ್ಕೆ ಮಡಚಿಕೊಳ್ಳುತ್ತಿತ್ತು; ಮಡಚಿಕೊಂಡ ಮೇಲೂ ಬಿಗಿಯಾಗುತ್ತಲೇ ಹೋಗುತ್ತಿತ್ತು. ಅಲ್ಲಿ ಬೇಗ ಬ್ರೇಕು ಹಿಡಿದವರು ಹಿಂದೆ ಉಳಿಯುತ್ತಿದ್ದರು, ತಡವಾಗಿ ಹಿಡಿದವರು ಜಲ್ಲಿಯಲ್ಲಿ ಹೊರಳುತ್ತಿದ್ದರು. ಎಲ್ಲರಿಗಿಂತ ತಡವಾಗಿ ಹಿಡಿದು ಎಲ್ಲರಿಗಿಂತ ಮುಂಚೆ ಹೊರಗೆ ಬರುತ್ತಿದ್ದವನು ಓಬಳೇಶನೊಬ್ಬನೇ.

ಅವನ ಗುಟ್ಟು ಬ್ರೇಕು ಹಿಡಿಯುವುದರಲ್ಲಿ ಇರಲಿಲ್ಲ, ಬಿಡುವುದರಲ್ಲಿತ್ತು. ಬಲಗೈಯ ಎರಡೇ ಬೆರಳಿನಿಂದ ಮುಂದಿನ ಬ್ರೇಕನ್ನು ಒತ್ತುತ್ತಿದ್ದ. ಬೈಕಿನ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಕೂತು, ಟೈರು ನೆಲವನ್ನು ಕಚ್ಚಿಕೊಂಡ ಮೇಲೆ ವಾಲಲು ಶುರುಮಾಡುತ್ತಿದ್ದ. ಬೈಕು ಒಂದೆಳೆ ವಾಲಿದರೆ ಬೆರಳು ಒಂದೆಳೆ ಸಡಿಲ. ಮಂಡಿ ನೆಲಕ್ಕೆ ತಾಗುವ ಹೊತ್ತಿಗೆ ಬ್ರೇಕು ಪೂರ್ತಿ ಬಿಟ್ಟಿರುತ್ತಿದ್ದ. ಯಾವಾಗ ಬಿಟ್ಟನೆಂಬುದು ಟೈರಿಗೂ ಗೊತ್ತಾಗುತ್ತಿರಲಿಲ್ಲ. "ಹೆಂಗಣ್ಣ ಅದು?" ಎಂದು ಹುಡುಗರು ಕೇಳಿದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. "ಕೈಗೆ ಗೊತ್ತು ಕಣ್ರೋ, ನಂಗೆಲ್ಲಿ ಗೊತ್ತು?" ಎನ್ನುತ್ತಿದ್ದ.

ಆ ಕೈಯನ್ನು ಹುಡುಕಿಕೊಂಡೇ ಹುಬ್ಬಳ್ಳಿಯ ಡಾಕ್ಟರ್ ಸೀಮಂತಿನಿ ಹೆಬಸೂರ ಬಂದರು. ನರಗಳ ಮೇಲೆ ಸಂಶೋಧನೆ ಮಾಡುವವರು. ಟ್ರ್ಯಾಕಿನ ಪಕ್ಕದಲ್ಲೇ ತಗಡಿನ ಛಾವಣಿಯ ಎರಡು ಕೋಣೆ ಹಿಡಿದು ಲ್ಯಾಬ್ ಮಾಡಿಕೊಂಡಿದ್ದರು.

"ನಿಮ್ಮ ಕೈ ನನಗ ಬೇಕ್ರಿ," ಎಂದರು ಮೊದಲ ಭೇಟಿಯಲ್ಲೇ. ಓಬಳೇಶ ಗಾಬರಿಯಾದದ್ದು ಕಂಡು ನಕ್ಕರು. "ಹೆದರಬ್ಯಾಡ್ರಿ, ಕೊಯ್ಯೂದಿಲ್ಲ. ಓದತೀನಿ ಅಷ್ಟ."

ಅವರು ಹೇಳಿದ ಸಂಗತಿ ಇಷ್ಟು. ಬೆರಳು ಅಲುಗುವ ಮುನ್ನ ಮಿದುಳಿನ ಅಪ್ಪಣೆ ಮುಂಗೈಯ ಸ್ನಾಯುಗಳಿಗೆ ಬಂದು ಮುಟ್ಟುತ್ತದೆ. ಆ ಗಳಿಗೆಯಲ್ಲಿ ಏಳುವ ಸಣ್ಣ ವಿದ್ಯುತ್ ಮಿಡಿತವನ್ನು ಚರ್ಮದ ಮೇಲಿನಿಂದಲೇ ಓದಬಹುದು. ಅದಕ್ಕಾಗಿ ಸೀಮಂತಿನಿ ಮೊಣಕೈವರೆಗೆ ಬರುವ ಕೈಗವಸೊಂದನ್ನು ಮಾಡಿದ್ದರು; ಅದರ ಒಳಪದರದಲ್ಲಿ ಕೂದಲಿಗಿಂತ ತೆಳುವಾದ ಲೋಹದ ಎಳೆಗಳಿದ್ದವು. ಬೈಕಿನ ವೇಗ, ಅದು ವಾಲಿದ ಪರಿ, ಹೆಲ್ಮೆಟ್ಟಿನೊಳಗೆ ಸವಾರನ ಕಣ್ಣು ನೋಡುತ್ತಿರುವ ದಿಕ್ಕು, ಇವನ್ನೆಲ್ಲ ಮಿಡಿತದ ಜೊತೆ ಕೂಡಿಸಿ ಯಂತ್ರ ನೆನಪಿಟ್ಟುಕೊಳ್ಳುತ್ತಿತ್ತು. ಆಮೇಲೆ ಅದೇ ಎಳೆಗಳ ಮೂಲಕ ಇನ್ನೊಬ್ಬರ ಮುಂಗೈಗೆ ಅದೇ ಮಿಡಿತ ಕೊಟ್ಟರೆ ಅವರ ಬೆರಳು ಓಬಳೇಶನ ಬೆರಳಿನಂತೆ ಒತ್ತುತ್ತದೆ, ಓಬಳೇಶನ ಬೆರಳಿನಂತೆ ಬಿಡುತ್ತದೆ. ಅದಕ್ಕೆ ಅವರು ಇಟ್ಟ ಹೆಸರು ಜೊತೆಗೈ.

"ಇದು ರೇಸಿಗಲ್ರಿ," ಎಂದರು. "ರೇಸಿನಾಗ ಕಲಿಸಿ, ಆಮೇಲೆ ರಸ್ತೆಗೆ ತರಬೇಕು ಅಂತ. ಸ್ಕೂಟರ್ ಮ್ಯಾಲೆ ಹೋಗೋ ಮಂದಿ ಲಾರಿ ಅಡ್ಡ ಬಂದ ಕೂಡಲೇ ಬ್ರೇಕು ಗಟ್ಟಿ ಹಿಡದು ಬೀಳತಾರ. ಅವರ ಕೈಯಾಗ ನಿಮ್ಮ ಕೈ ಇದ್ದರ ಬೀಳೂದಿಲ್ಲ."

ಓಬಳೇಶ ಮನೆಗೆ ಬಂದು ಹೆಂಡತಿಗೆ ಹೇಳಿದ. ಅನಸೂಯ ಹೆದ್ದಾರಿ ಪಕ್ಕದ ಆಸ್ಪತ್ರೆಯಲ್ಲಿ ಅಪಘಾತದ ವಾರ್ಡಿನ ನರ್ಸು. ಅವತ್ತು ಅವಳ ವಾರ್ಡಿಗೆ ಮದುವೆಯಾಗಿ ತಿಂಗಳಾಗದ ಜೋಡಿಯೊಂದು ಬಂದಿತ್ತು. ತಿರುವಿನಲ್ಲಿ ಮರಳು ಕಂಡು ಹುಡುಗ ಬ್ರೇಕು ಒತ್ತಿದ್ದ, ಅಷ್ಟೇ. ಹುಡುಗಿಗೆ ಇನ್ನೂ ವಿಷಯ ಹೇಳಿರಲಿಲ್ಲ. ಅನಸೂಯ ಸೀರೆ ಬದಲಿಸದೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು.

"ಕೊಡು," ಎಂದಳು. "ಕೈ ಓದ್ಕೊಂಡ್ರೆ ಏನು ಸವೆದು ಹೋಗುತ್ತಾ? ಕೊಡು."

ಆ ಚಳಿಗಾಲವೆಲ್ಲ ಓಬಳೇಶ ಜೊತೆಗೈ ತೊಟ್ಟು ಸುತ್ತು ಹಾಕಿದ. ಓದುವ ಕೆಲಸ ಬೇಗ ಮುಗಿಯಿತು. ಕಷ್ಟದ್ದು ಅದರ ನಂತರದ್ದು, ಯಂತ್ರ ಕಲಿತದ್ದು ಸರಿಯಿದೆಯೇ ಎಂದು ನೋಡುವುದು. ಅದಕ್ಕೆ ಅವನ ಮಿಡಿತವನ್ನೇ ಅವನ ಕೈಗೆ ತಿರುಗಿ ಕೊಡುತ್ತಿದ್ದರು. ಅವನು ಒತ್ತಬೇಕೆನ್ನುವ ಒಂದು ಕ್ಷಣ ಮೊದಲೇ ಬೆರಳು ಒತ್ತುತ್ತಿತ್ತು. ಕೂದಲೆಳೆಯಷ್ಟು ತಪ್ಪಿದ್ದರೂ ಅವನು "ಇಲ್ಲ ಮೇಡಂ, ಇದು ನಂದಲ್ಲ," ಎನ್ನುತ್ತಿದ್ದ. ಮತ್ತೆ ತಿದ್ದುತ್ತಿದ್ದರು, ಮತ್ತೆ ಸುತ್ತು. ದಿನ ಕಳೆದಂತೆ "ನಂದಲ್ಲ" ಎನ್ನುವುದು ಕಡಿಮೆಯಾಯಿತು. ಕೊನೆಕೊನೆಗೆ ಅವನು ಬೈಕಿನ ಮೇಲೆ ಸುಮ್ಮನೆ ಕೂತಿರುತ್ತಿದ್ದ, ಬೆರಳು ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಹಾಯೆನಿಸುತ್ತಿತ್ತು ಅವನಿಗೆ.

ಬೇಸಿಗೆ ಶುರುವಾದಾಗ ಜೊತೆಗೈ ತೊಡಲು ಫರ್ಹಾನಾ ಬಂದಳು. ದಾವಣಗೆರೆಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ನೂರುಲ್ಲಾ ಅವರ ಮಗಳು. ಹಿಂದಿನ ವರ್ಷದಿಂದಲೇ ಓಬಳೇಶನ ಹತ್ತಿರ ಪಾಠಕ್ಕೆ ಬರುತ್ತಿದ್ದಳು. ಧೈರ್ಯ ಬೇಕಾದಷ್ಟಿತ್ತು, ತಾಳ್ಮೆ ಇರಲಿಲ್ಲ. ಮೂರನೆಯ ತಿರುವಿನಲ್ಲಿ ಒಳಗಿನ ಅಂಚು ಕಂಡ ಕೂಡಲೇ ಅದರ ಕಡೆ ನುಗ್ಗುತ್ತಿದ್ದಳು. ಅರ್ಧ ತಿರುವಿನಲ್ಲಿ ರಸ್ತೆ ಸಾಲದೆ ಹೊರಗೆ ಎಳೆದುಕೊಂಡು ಹೋಗುತ್ತಿದ್ದಳು. ಗಾಬರಿಯಲ್ಲಿ ಬ್ರೇಕು ಮುಟ್ಟಿದರೆ ವಾಲಿದ್ದ ಬೈಕು ಎದ್ದು ನಿಂತು ಇನ್ನೂ ಹೊರಗೆ ಹೋಗುತ್ತಿತ್ತು. ಓಬಳೇಶ ಅವಳನ್ನು ಆ ತಿರುವಿಗೆ ನಡೆಸಿಕೊಂಡು ಹೋಗಿ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ತೋರಿಸಿದ್ದ.

"ಹೊರಗಡೆನೇ ಇರು. ಇನ್ನೂ ಇರು. ಒಳಗೆ ಬಾ ಅಂತ ಅದು ಕರೀತದೆ, ಹೋಗ್ಬೇಡ. ತಿರುವಿನ ಕೊನೆ ಕಣ್ಣಿಗೆ ಕಂಡ ಮೇಲೆ ತಿರುಗಿಸು."

"ಅಣ್ಣ, ಅಷ್ಟೊತ್ತು ಕಾಯೋಕೆ ಜೀವ ಬಾಯಿಗೆ ಬರುತ್ತೆ!"

"ಬರ್ಲಿ. ನುಂಗ್ಕೋ."

ಜೊತೆಗೈ ತೊಟ್ಟ ಮೊದಲ ಬೆಳಿಗ್ಗೆ ಫರ್ಹಾನಾ ಆ ತಿರುವನ್ನು ಓಬಳೇಶನಂತೆಯೇ ದಾಟಿದಳು. ಬ್ರೇಕು ಇನ್ನೂ ಹಿಡಿದಿದೆ ಎಂಬ ನಂಬಿಕೆಯೊಂದೇ ಅವಳನ್ನು ಹೊರಗಿನ ಅಂಚಿನಲ್ಲಿ ಕಾಯುವಂತೆ ಮಾಡಿತು. ಕಾದದ್ದರಿಂದ ಗೆರೆ ತಾನಾಗಿ ಸರಿಹೋಯಿತು. ಅವಳು ಬೈಕು ನಿಲ್ಲಿಸಿ ಹೆಲ್ಮೆಟ್ ತೆಗೆದಾಗ ಕಣ್ಣಲ್ಲಿ ನೀರಿತ್ತು.

"ಯಾರೋ ಹಿಂದಿನಿಂದ ಬಂದು ನನ್ನ ಕೈ ಮೇಲೆ ಕೈ ಇಟ್ಟಂಗಾಯ್ತಣ್ಣ. ಚಿಕ್ಕವಳಿದ್ದಾಗ ನಮ್ಮ ಅಬ್ಬಾ ಸ್ಪಾನರ್ ಹಿಡಿಸ್ತಿದ್ದರಲ್ಲ, ಹಂಗೆ."

ಓಬಳೇಶ ಅವಳ ಕೈಯಿಂದ ಹೆಲ್ಮೆಟ್ ಇಸಿದುಕೊಂಡ. ತಾನು ಹತ್ತಾರು ವರ್ಷ ಮೂಳೆ ಮುರಿದುಕೊಂಡು ಕಲಿತದ್ದು ತನ್ನ ಜೊತೆಗೇ ಮಣ್ಣಾಗುತ್ತದೆಂದು ಅವನು ಎಣಿಸಿದ್ದ. ಈಗ ಅದು ಇನ್ನೊಂದು ಜೀವದಲ್ಲಿ ಓಡುತ್ತಿತ್ತು.

ಮನೆಯಲ್ಲಿ ಅವರಿಬ್ಬರದೊಂದು ಹಳೆಯ ಆಟವಿತ್ತು. ಅವನು ಕೆಳಗಿಳಿದು ಹೋದ ಮೇಲೆ ಅನಸೂಯ ಮಹಡಿಯಿಂದ ಬೈಕಿನ ಕೀ ಎಸೆಯುವಳು. ಅವನು ತಲೆಯೆತ್ತದೆ ಕೈಚಾಚಿ ಹಿಡಿಯುವನು. ಮದುವೆಯಾದಾಗಿನಿಂದ ಒಮ್ಮೆಯೂ ತಪ್ಪಿರಲಿಲ್ಲ. ಒಂದು ಬೆಳಿಗ್ಗೆ ಕೀ ಅವನ ಎದೆಗೆ ಬಡಿದು ನೆಲಕ್ಕೆ ಬಿತ್ತು. ಮೇಲೆ ಅವಳು ನಕ್ಕಳು, ಕೆಳಗೆ ಅವನೂ ನಕ್ಕ. ಮರುದಿನವೂ ಬಿತ್ತು. ಕೈ ಹೋಗಲಿಲ್ಲವೆಂದಲ್ಲ. ಯಾರೋ ಮೊದಲು ಹೊರಡಲಿ ಎಂದು ಕಾದು, ಯಾರೂ ಹೊರಡದಿದ್ದಾಗ ತಡವಾಗಿ ಹೋಯಿತು.

ಅದಾಗಿ ಕೆಲವೇ ದಿನಕ್ಕೆ ಅವನು ಅನಸೂಯಳನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೊರಟಿದ್ದಾಗ ಸಂತೆಹೊಂಡದ ಹತ್ತಿರ ಹೂವಿನ ತಳ್ಳುಗಾಡಿಯೊಂದು ಅಡ್ಡ ಬಂತು. ಯಾವ ಹೊಸ ಸವಾರನಾದರೂ ನಿಲ್ಲಿಸಬಹುದಾದಷ್ಟು ದೂರವಿತ್ತು. ಓಬಳೇಶ ಗಾಡಿಯನ್ನು ಕಂಡ, ನಿಲ್ಲಿಸಬೇಕೆಂದುಕೊಂಡ, ಬೆರಳುಗಳು ಬ್ರೇಕಿನ ಲಿವರಿನ ಮೇಲೆ ಸುಮ್ಮನೆ ಇದ್ದವು. ಸೇವಂತಿಗೆ ರಸ್ತೆ ತುಂಬ ಚೆಲ್ಲಿತು. ಅನಸೂಯಳ ಮೊಣಕೈ ತರಚಿ ರಕ್ತ ಬಂತು. ಹೂವಿನಾಕೆ ಬಯ್ಯುತ್ತಲೇ ಅವಳನ್ನು ಎಬ್ಬಿಸಿ ಕೂರಿಸಿದಳು. ಸೇರಿದ ಜನರಲ್ಲಿ ಒಬ್ಬ, "ಅಯ್ಯೋ, ರೇಸಿನ ಓಬಳೇಶ ಅಲ್ವಾ ಇವ್ರು!" ಎಂದ. ಓಬಳೇಶ ಮುಖ ತಗ್ಗಿಸಿಕೊಂಡು ಹೂ ಆರಿಸತೊಡಗಿದ.

ಲ್ಯಾಬಿನಲ್ಲಿ ಸೀಮಂತಿನಿ ಪರದೆಯ ಮೇಲೆ ಎರಡು ಗೆರೆ ತೋರಿಸಿದರು. ಚಳಿಗಾಲದಲ್ಲಿ ಅವನ ಮುಂಗೈಯಲ್ಲಿ ಎದ್ದ ಮಿಡಿತ ಗೋಪುರದ ಹಾಗಿತ್ತು. ಇವತ್ತಿನದು ಮಳೆಗೆ ಕರಗಿದ ಮಣ್ಣುಗುಡ್ಡೆಯ ಹಾಗೆ ಚಪ್ಪಟೆಯಾಗಿತ್ತು.

"ನಾ ಇದನ್ನ ಎಣಿಸಿರಲಿಲ್ರಿ," ಎಂದರು. "ನೀವು ಒತ್ತೋಕ್ಕಿಂತ ಮೊದಲ ಯಂತ್ರ ಒತ್ತತಿತ್ತು. ತಿಂಗಳುಗಟ್ಟಲೆ. ನನ್ನ ಕೆಲಸ ಇನ್ನೊಬ್ಬರು ಮಾಡತಾರ ಅಂತ ನಿಮ್ಮ ಮಿದುಳು ಅಪ್ಪಣೆ ಕೊಡೋದ ಬಿಟ್ಟೈತಿ."

"ಮತ್ತೆ ನಾನೇ ಜೊತೆಗೈ ತೊಟ್ರೆ?"

"ನೋಡೋಣು ತೊಡ್ರಿ."

ತೊಟ್ಟ. ಬೆರಳು ಅದುರಿ ಸುಮ್ಮನಾಯಿತು. ಸೀಮಂತಿನಿ ತಲೆಯಾಡಿಸಿದರು. "ಮಂದಿಗೆ ಇದು ಹೊರಗಿನ ಸುದ್ದಿ, ಅದಕ್ಕ ಅವರ ಮಿದುಳು ಕಿವಿಗೊಡತೈತಿ. ನಿಮಗ ಇದು ನಿಮ್ಮದ ದನಿ. ಕೇಳಿ ಕೇಳಿ ಕಿವಿ ಮುಚ್ಚಿಕೊಂಡಾವ್ರಿ."

"ಬರುತ್ತಾ ತಿರುಗಿ?"

"ಗೊತ್ತಿಲ್ರಿ. ಸುಳ್ಳು ಹೇಳೂದಿಲ್ಲ ನಾ." ಅವರು ಪರದೆ ಆರಿಸಿದರು. "ಇಲ್ಲಿಗೇ ನಿಲ್ಲಸೋಣ. ಒಣ ನೆಲದ್ದಷ್ಟ ತಗೊಂಡೇವಿ. ಒದ್ದೆ ನೆಲದಾಗ ಬ್ರೇಕು ಹಿಡಿಯೋದು ಬ್ಯಾರೆನ ವಿದ್ಯಾ, ಅದನ್ನ ಇನ್ನೂ ಮುಟ್ಟಿಲ್ಲ. ಅದು ನಿಮ್ಮಲ್ಲೇ ಇರಲಿ."

ಅದು ನಿಜವೇ ಎಂದು ನೋಡಲು ಓಬಳೇಶ ಒಂದು ಸಂಜೆ ನೀರಿನ ಟ್ಯಾಂಕರಿನಿಂದ ತಿರುವನ್ನು ತೋಯಿಸಿ ಬೈಕು ಹತ್ತಿದ. ಒದ್ದೆ ನೆಲದಲ್ಲಿ ಟೈರಿನ ಹಿಡಿತ ಅರ್ಧಕ್ಕರ್ಧ ಇರುವುದಿಲ್ಲ. ಬ್ರೇಕನ್ನು ಬೇಗ ಶುರುಮಾಡಬೇಕು, ಎಳೆಮಗುವಿನ ಕೆನ್ನೆ ಒತ್ತುವಂತೆ ಒತ್ತುತ್ತ ಹೋಗಬೇಕು, ಬೈಕು ವಾಲುವ ಮೊದಲೇ ಮುಗಿಸಬೇಕು. ಅವನ ಬೆರಳಿಗೆ ಎಲ್ಲವೂ ಗೊತ್ತಿತ್ತು. ಯಾರಿಗೂ ಕಾಯದೆ, ತಡಮಾಡದೆ, ಹಿಂದಿನ ಹಾಗೇ ಕೆಲಸ ಮಾಡಿತು. ಓಬಳೇಶ ಹೆಲ್ಮೆಟ್ಟಿನೊಳಗೆ ಅತ್ತ. ಅಂದಿನಿಂದ ಅವನು ಮಳೆಗಾಲದ ದಾರಿ ನೋಡತೊಡಗಿದ. ಮಳೆ ಬಂದರೆ ತಾನು ಇನ್ನೂ ಓಬಳೇಶನೇ.

ಮಳೆಗಾಲಕ್ಕೆ ಮೊದಲು ನಡೆಯುವ ಕೊನೆಯ ರೇಸಿಗೆ ಫರ್ಹಾನಾ ಜೊತೆಗೈ ತೊಟ್ಟು ಅಭ್ಯಾಸ ಮಾಡುತ್ತಿದ್ದಳು. ಮಳೆ ಹನಿದರೆ ಹ್ಯಾಂಡಲಿನ ಮೇಲಿನ ಗುಂಡಿ ಒತ್ತಿ ಜೊತೆಗೈಯನ್ನು ನಿಲ್ಲಿಸಬೇಕೆಂಬುದು ನಿಯಮ. ಅವತ್ತು ಮಧ್ಯಾಹ್ನ ಓಬಳೇಶ ನಿಯಂತ್ರಣ ಕೋಣೆಯಲ್ಲಿ ಸೀಮಂತಿನಿಯವರ ಪಕ್ಕ ನಿಂತಿದ್ದ. ಕಿಟಕಿಯಾಚೆ ಬಿಸಿಲು ಸುಡುತ್ತಿತ್ತು. ಗುಡ್ಡದ ನೆತ್ತಿಯ ಮೇಲೆ ಮಾತ್ರ ಕಪ್ಪು ಮೋಡವೊಂದು ಕೂತಿತ್ತು. ಅದನ್ನು ಕಂಡು ಅವನಿಗೆ ಒಳಗೊಳಗೇ ಖುಷಿಯಾಯಿತು. ನಾಳೆಯೋ ನಾಡಿದ್ದೋ ಮಳೆ ಹಿಡಿಯುತ್ತದೆ, ತಾನು ಬೈಕು ಹತ್ತಬಹುದು ಎಂದುಕೊಂಡ.

ಪರದೆಯ ಮೇಲೆ ಫರ್ಹಾನಾಳ ಬ್ರೇಕಿನ ಗೆರೆ ಏರಿತು. ತಡವಾಗಿ ಶುರುವಾಗಿ, ಕಡಿದಾಗಿ ಏರಿ, ನೆತ್ತಿಯಲ್ಲಿ ಒಂದು ಕ್ಷಣ ನಿಂತು, ಇಳಿಯಲು ತೊಡಗಿತು. ಏನು ಚೆಂದದ ಗೆರೆ! ತನ್ನದೇ, ಒಂದು ಕೂದಲೂ ಆಚೀಚೆ ಇಲ್ಲ. "ನೋಡಿ ಮೇಡಂ," ಎನ್ನಲು ಬಾಯಿ ತೆರೆದ. ಗೆರೆ ಕಡಿದು ಹೋಯಿತು.

ಗುಡ್ಡದ ಆಚೆ ಮಗ್ಗುಲಿಗೆ, ಮೂರನೆಯ ತಿರುವಿನ ಮೇಲಷ್ಟೇ, ಹಾದುಹೋಗುವ ಮೋಡ ಒಂದು ಬೀಸು ಮಳೆ ಚೆಲ್ಲಿತ್ತು. ಅಲ್ಲಿ ಸವಾರರಿಗೆ ಎಚ್ಚರಿಕೆ ಕೊಡಲು ನಿಂತಿದ್ದವನು ಬಾವುಟ ಬಿಚ್ಚುವಷ್ಟರಲ್ಲಿ ಅವಳು ನೇರ ದಾರಿಯ ಕೊನೆಗೆ ಬಂದಾಗಿತ್ತು. ನೆಲ ಒದ್ದೆಯೆಂದು ಜೊತೆಗೈಗೆ ತಿಳಿಯುವ ದಾರಿಯಿರಲಿಲ್ಲ. ಅದು ಓಬಳೇಶನ ಒಣ ನೆಲದ ಬ್ರೇಕನ್ನು ಹಾಕಿತು. ಮುಂದಿನ ಚಕ್ರ ಜಾರಿತು.

ಓಬಳೇಶ ಓಡಿ ಹೋಗಿ ಮುಟ್ಟುವಷ್ಟರಲ್ಲಿ ಮಳೆ ನಿಂತಿತ್ತು. ರಸ್ತೆಯಿಂದ ಹಬೆ ಏಳುತ್ತಿತ್ತು. ಫರ್ಹಾನಾ ಟೈರಿನ ಗೋಡೆಯ ಪಕ್ಕ ಮಗ್ಗುಲಾಗಿ ಮಲಗಿದ್ದಳು. ಆಂಬುಲೆನ್ಸಿನಲ್ಲಿ ಅನಸೂಯಳ ವಾರ್ಡಿಗೇ ಒಯ್ದರು. ಸಂಜೆಯ ಹೊತ್ತಿಗೆ ಅನಸೂಯ ಹೊರಗೆ ಬಂದು ಗಂಡನ ಮುಂದೆ ನಿಂತು, ಹುಡುಗಿ ಉಳಿಯಲಿಲ್ಲವೆಂದು ತಲೆಯಾಡಿಸಿದಳು. ಕಾರಿಡಾರಿನಲ್ಲಿ ದಾವಣಗೆರೆಯಿಂದ ಓಡಿ ಬಂದಿದ್ದ ನೂರುಲ್ಲಾ ಗೋಡೆಗೆ ಹಣೆ ಹಚ್ಚಿ ನಿಂತಿದ್ದರು.

ಕೆಲವು ದಿನ ಕಳೆದ ಮೇಲೆ ಓಬಳೇಶ ಬಸ್ಸು ಹತ್ತಿ ದಾವಣಗೆರೆಗೆ ಹೋದ. ನೂರುಲ್ಲಾ ಗ್ಯಾರೇಜಿನ ಬಾಗಿಲು ಅರ್ಧ ಎಳೆದು ಒಳಗೆ ಕೂತಿದ್ದರು. ಓಬಳೇಶ ಅವರ ಎದುರು ನೆಲದ ಮೇಲೆ ಕುಳಿತ.

"ಸಾಹೇಬ್ರೇ, ಅವಳ ಕೈಯಲ್ಲಿದ್ದದ್ದು ನನ್ನ ಬ್ರೇಕು," ಎಂದ. "ಅವಳು ತಪ್ಪು ಮಾಡ್ಲಿಲ್ಲ. ಅವಳ ಪಾಡಿಗೆ ಬಿಟ್ಟಿದ್ರೆ, ನೆಲ ಹೊಳೆಯೋದು ನೋಡಿ ಮೆತ್ತಗೆ ಹಿಡೀತಿದ್ಲೋ ಏನೋ."

ಹೊರಗೆ ಯಾರೋ ಬಂದು, ಬಾಗಿಲು ಕಂಡು, ಸ್ಕೂಟರು ತಳ್ಳಿಕೊಂಡು ಹೋದರು.

"ಮಳೇಲಿ ನೀನಾಗಿದ್ರೆ ಹೆಂಗೆ ಹಿಡೀತಿದ್ದೆಪ್ಪಾ?" ಎಂದು ಕೇಳಿದರು ನೂರುಲ್ಲಾ.

ಓಬಳೇಶನಿಗೆ ಹೇಳಲು ಬರಲಿಲ್ಲ. ನೂರುಲ್ಲಾ ಗ್ರೀಸು ಹತ್ತಿದ ತಮ್ಮ ಎರಡು ಬೆರಳು ಮುಂದೆ ಚಾಚಿದರು. "ಹಿಡಿದು ತೋರ್ಸು."

ಓಬಳೇಶ ಆ ಬೆರಳುಗಳನ್ನು ಲಿವರಿನಂತೆ ಹಿಡಿದು ಕಣ್ಣು ಮುಚ್ಚಿದ. ಒದ್ದೆ ರಸ್ತೆ ಕಣ್ಣಿಗೆ ಬಂತು. ಮೊದಲು ಬರೀ ಸ್ಪರ್ಶ. ಆಮೇಲೆ ಮೆಲ್ಲಗೆ, ಏರುತ್ತಿದೆಯೆಂದು ತಿಳಿಯದಷ್ಟು ಮೆಲ್ಲಗೆ, ಒತ್ತು. ಆಮೇಲೆ ಅಷ್ಟೇ ಮೆಲ್ಲಗೆ ಬಿಡುಗಡೆ. ಕಣ್ಣು ತೆರೆದಾಗ ನೂರುಲ್ಲಾ ತಮ್ಮ ಬೆರಳನ್ನೇ ನೋಡುತ್ತಿದ್ದರು.

"ಇಷ್ಟು ಮೆತ್ತಗಾ?" ಎಂದರು. ಅವರ ಗಡ್ಡದ ಮೇಲೆ ನೀರಿಳಿಯಿತು. "ಇದನ್ನ ಅವಳಿಗೆ ಕೊಡಬೇಕಾಗಿತ್ತು ನೀನು."

ಬಯ್ದಿದ್ದರೆ, ಹೊಡೆದಿದ್ದರೆ ಓಬಳೇಶ ತಡೆದುಕೊಳ್ಳುತ್ತಿದ್ದ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವನು ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಸ್ಕೂಟರುಗಳನ್ನು ನೋಡಿದ. ಮುಂದೆ ಮಗುವನ್ನು ನಿಲ್ಲಿಸಿಕೊಂಡವರು, ಹಾಲಿನ ಕ್ಯಾನು ಕಟ್ಟಿಕೊಂಡವರು, ಒಂದೇ ಕೊಡೆಯಡಿ ಮುದುರಿಕೊಂಡ ಗಂಡ ಹೆಂಡತಿ. ಮಳೆ ಹಿಡಿದಿತ್ತು.

"ಬೇಡ," ಎಂದಳು ಅನಸೂಯ. ಒದ್ದೆ ನೆಲದ ಬ್ರೇಕನ್ನೂ ಕೊಡುತ್ತೇನೆಂದು ಅವನು ಇನ್ನೂ ಪೂರ್ತಿ ಹೇಳಿಯೂ ಇರಲಿಲ್ಲ. "ಒಂದ್ಸಲ ಕೊಡು ಅಂದೆ, ಸಾಕು. ಇದೊಂದು ಉಳಿದಿದೆ ನಿಂಗೆ. ಇದನ್ನೂ ಕೊಟ್ಟು ಏನ್ ಮಾಡ್ತೀಯ? ನನ್ನ ವಾರ್ಡಿಗೆ ಬರೋರ ಭಾರ ಎಲ್ಲ ನಿನ್ನ ತಲೆ ಮೇಲಾ?"

"ಒಣ ನೆಲದ್ದು ಆಗಲೇ ಅವರ ಹತ್ರ ಇದೆ ಕಣೇ. ಇವತ್ತಲ್ಲ ನಾಳೆ ಯಾರಾದ್ರೂ ಅದನ್ನೇ ಮಾರೋಕೆ ಶುರುಮಾಡ್ತಾರೆ. ಅರ್ಧ ಕೈ ಕೊಟ್ಟು ಬಿಟ್ರೆ ಎಷ್ಟು ಜನ ಫರ್ಹಾನಾ ಥರ ಹೋಗ್ತಾರೆ?"

"ಬೇರೆ ಯಾರದಾದ್ರೂ ತಗೊಳ್ಲಿ."

"ಒಣದ್ದು ನಂದು, ಒದ್ದೆದು ಇನ್ನೊಬ್ಬರದು ಅಂದ್ರೆ ಎರಡೂ ಕೂಡಲ್ವಂತೆ. ಫರ್ಹಾನಾ ಇದ್ದಾಗಲೇ ಮೇಡಂ ಮೂರು ಜನರದ್ದು ಹಾಕಿ ನೋಡಿದ್ರು."

ಅನಸೂಯ ತಟ್ಟೆಯಲ್ಲಿ ಕಲಸಿದ್ದ ಅನ್ನವನ್ನು ಹಾಗೇ ಬಿಟ್ಟು ಎದ್ದು ಕೈ ತೊಳೆದಳು. ಬಚ್ಚಲಲ್ಲಿ ನೀರು ಬಹಳ ಹೊತ್ತು ಸುರಿಯಿತು. ಹೊರಗೆ ಬಂದವಳು ಅವನ ಬಲಗೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಳು, ವಾರ್ಡಿನಲ್ಲಿ ಕೂರುವ ಹಾಗೆ.

"ನಾನೂ ಬರ್ತೀನಿ ಟ್ರ್ಯಾಕಿಗೆ," ಎಂದಳು.

ಸೀಮಂತಿನಿ ಮೊದಲು ಒಪ್ಪಲೇ ಇಲ್ಲ. ಫರ್ಹಾನಾ ಹೋದ ಮೇಲೆ ಅವರು ಲ್ಯಾಬಿನ ಬೀಗ ತೆಗೆದಿರಲಿಲ್ಲ. ಓಬಳೇಶ ಮತ್ತೆ ಮತ್ತೆ ಹೋಗಿ ಬಾಗಿಲಲ್ಲಿ ನಿಂತ. ಕೊನೆಗೆ, ಈ ಸಲ ಜೊತೆಗೈಗೆ ನೆಲದ ಹಸಿಯನ್ನು ನೋಡುವ ಕಣ್ಣನ್ನೂ ಕೂಡಿಸಿದ ಮೇಲೆ, ಒಪ್ಪಿದರು. ಮಿಡಿತವನ್ನು ಅವನ ಕೈಗೆ ಮರಳಿ ಕೊಡದೆ ತಿದ್ದುವ ದಾರಿಯಿದೆಯೇ ಎಂದು ವಾರಗಟ್ಟಲೆ ಹುಡುಕಿದರು. ಸಿಗಲಿಲ್ಲ. ಆ ಬ್ರೇಕು ಅವನದೇ ಎಂದು ಹೇಳಬಲ್ಲ ಕೈ ಲೋಕದಲ್ಲಿ ಒಂದೇ ಇತ್ತು.

ಮಳೆಗಾಲ ಮುಗಿಯುವವರೆಗೂ ಕೆಲಸ ನಡೆಯಿತು. ಮಳೆಯಿದ್ದ ದಿನ ಮಳೆಯಲ್ಲಿ, ಇಲ್ಲದ ದಿನ ಟ್ಯಾಂಕರಿನ ನೀರಿನಲ್ಲಿ. ಅನಸೂಯ ರಜೆ ಹಾಕಿ ಬಂದು, ಬೈಕುಗಳನ್ನು ನಿಲ್ಲಿಸುವ ಪಿಟ್ಟಿನಲ್ಲಿ ಕೊಡೆ ಹಿಡಿದು ನಿಲ್ಲುತ್ತಿದ್ದಳು. ಈ ಸಲ ಓಬಳೇಶನಿಗೆ ಆಗುತ್ತಿರುವುದು ಗೊತ್ತಿತ್ತು. ನಾಲಿಗೆಯ ತುದಿಯಲ್ಲಿದ್ದ ಹೆಸರು ದಿನದಿನಕ್ಕೂ ಒಳಗೆ ಸರಿಯುವ ಹಾಗೆ ಆ ಮೆತ್ತನೆಯ ಒತ್ತು ಕೈಬಿಟ್ಟು ಹೋಗುತ್ತಿತ್ತು. ಅವನು ಅದನ್ನು ತಡೆಯಲು ನೋಡಲಿಲ್ಲ. ಪ್ರತಿ ಸುತ್ತಿನಲ್ಲೂ ಗಮನವಿಟ್ಟು ಬೀಳ್ಕೊಟ್ಟ.

ಕೊನೆಯ ದಿನ ಯಂತ್ರ ಹಾಕಿದ ಬ್ರೇಕಿನಲ್ಲಿ ಅವನಿಗೆ ಒಂದು ತಪ್ಪೂ ಕಾಣಲಿಲ್ಲ. "ಇದು ನಂದೇ ಮೇಡಂ," ಎಂದ. ಓಬಳೇಶ ಜೊತೆಗೈ ಕಳಚಿಟ್ಟು ಬರಿಗೈಯಲ್ಲಿ ಒಂದು ಸುತ್ತು ಹೊರಟ. ಸಣ್ಣಗೆ ಮಳೆ ಬರುತ್ತಿತ್ತು. ನೇರ ದಾರಿಯಲ್ಲಿ ವೇಗ ಹಿಡಿಯಲು ಮನಸ್ಸಾಗಲಿಲ್ಲ. ಮೂರನೆಯ ತಿರುವು ಕಂಡಾಗ ಬ್ರೇಕು ಎಷ್ಟು ಒತ್ತಬೇಕೆಂದು ಗೊತ್ತಾಗದೆ, ಗೇರು ಇಳಿಸಿ, ಎರಡೂ ಕಾಲನ್ನು ನೆಲಕ್ಕೆ ಎಳೆಯುತ್ತ ಹೇಗೋ ನಿಲ್ಲಿಸಿದ. ಇಳಿದು, ಬೈಕನ್ನು ತಿರುಗಿಸಿ, ಬಂದ ದಾರಿಯಲ್ಲೇ ತಳ್ಳಿಕೊಂಡು ಬಂದ. ದೂರದಿಂದ ಅವನು ಬರುವುದನ್ನು ಕಂಡ ಅನಸೂಯ ಕೊಡೆ ಬಿಸಾಕಿ ಓಡಿದಳು. ಇಬ್ಬರೂ ಸೇರಿ ತಳ್ಳಿದರು.

ಮರುವರ್ಷ ಜೊತೆಗೈ ಅಂಗಡಿಗೆ ಬಂತು. ಹೆಲ್ಮೆಟ್ಟಿನ ಜೊತೆ ಅದೂ ಕಡ್ಡಾಯವಾಯಿತು. ಮೊದಮೊದಲು ಜನ ಬೈದುಕೊಂಡರು, ಸೆಕೆಯೆಂದರು, ಬೆರಳು ಜುಮುಗುಟ್ಟುತ್ತದೆಂದರು. ಆಮೇಲೆ ಅದಿಲ್ಲದೆ ಸ್ಕೂಟರು ಹತ್ತಲು ಅಂಜತೊಡಗಿದರು. ಹೊಸದಾಗಿ ಕಲಿಯುವ ಹೆಂಗಸರು, ಅರವತ್ತು ದಾಟಿದ ಮೇಷ್ಟರು, ಪಾರ್ಸಲ್ ಹುಡುಗರು ಎಲ್ಲರೂ ಆಗುಂಬೆಯ ತಿರುವುಗಳನ್ನು ನೀರು ಇಳಿದ ಹಾಗೆ ಇಳಿದರು. ಅದನ್ನು ತಮ್ಮದೇ ಜಾಣತನವೆಂದುಕೊಂಡವರೂ ಇದ್ದರು. ಅನಸೂಯಳ ವಾರ್ಡಿನಲ್ಲಿ ಹಾಸಿಗೆಗಳು ಖಾಲಿ ಬೀಳತೊಡಗಿದವು. ಅರ್ಧ ವಾರ್ಡನ್ನು ಬಾಣಂತಿಯರಿಗೆ ಬಿಟ್ಟುಕೊಟ್ಟರು.

ಓಬಳೇಶ ಟ್ರ್ಯಾಕಿನಲ್ಲಿ ಬಾವುಟ ಹಿಡಿಯುವ ಕೆಲಸ ಕೇಳಿ ಪಡೆದ. ಮೂರನೆಯ ತಿರುವೇ ಬೇಕೆಂದ. ತನ್ನ ಕೈ ತಡವೆಂದು ಅವನಿಗೆ ಗೊತ್ತಿತ್ತು; ಅದಕ್ಕೇ ಹನಿ ಬೀಳುವವರೆಗೆ ಕಾಯುತ್ತಿರಲಿಲ್ಲ. ಗುಡ್ಡದ ನೆತ್ತಿ ಕಪ್ಪಾದರೆ ಸಾಕು, ಎತ್ತಿ ಹಿಡಿಯುತ್ತಿದ್ದ. ಸವಾರರು ನಗುತ್ತಿದ್ದರು. ಜೊತೆಗೈಗೆ ಈಗ ಹಸಿ ನೆಲ ಗೊತ್ತಾಗುತ್ತಿತ್ತು, ಬಾವುಟ ಯಾರಿಗೂ ಬೇಕಿರಲಿಲ್ಲ. ಅವನು ಎತ್ತುವುದನ್ನು ಬಿಡಲಿಲ್ಲ.

ಆಷಾಢದ ಒಂದು ಸಂಜೆ ಅನಸೂಯ ಅವನನ್ನು ಟ್ರ್ಯಾಕಿನಿಂದ ಮನೆಗೆ ಕರೆದೊಯ್ಯುತ್ತಿದ್ದಳು. ಸ್ಕೂಟರು ಅವಳದು, ಅವನು ಹಿಂದೆ ಕೂತಿದ್ದ. ಹೆದ್ದಾರಿಯ ಇಳಿಜಾರಿನಲ್ಲಿ ಮಳೆ ಜೋರಾಯಿತು. ತಿರುವಿನ ಬಾಯಿಗೆ ಬರುತ್ತಿದ್ದಂತೆ ಎದುರಿನಿಂದ ಲಾರಿಯೊಂದು ಇನ್ನೊಂದನ್ನು ಹಿಂದಿಕ್ಕಲು ಹೋಗಿ ಇಡೀ ರಸ್ತೆಯನ್ನು ನುಂಗಿಕೊಂಡು ಬಂತು. ಅನಸೂಯ ಕಿರುಚಿದಳು. ಕಿರುಚುವ ಮೊದಲೇ ಸ್ಕೂಟರಿನ ಮೂತಿ ಮೆಲ್ಲಗೆ ಬಾಗಿತ್ತು. ಮೊದಲು ಸ್ಪರ್ಶ. ಆಮೇಲೆ ತಿಳಿಯದಷ್ಟು ಮೆಲ್ಲಗೆ ಏರುವ ಒತ್ತು. ಚಕ್ರ ಜಾರಲಿಲ್ಲ. ವೇಗವೆಲ್ಲ ಬಸಿದು ಹೋದ ಮೇಲೆ ಬ್ರೇಕು ಅಷ್ಟೇ ನಯವಾಗಿ ಬಿಟ್ಟಿತು. ಸ್ಕೂಟರು ಎಡಕ್ಕೆ ಒಲೆದು, ಲಾರಿ ಎಬ್ಬಿಸಿದ ನೀರಿನೊಳಗಿಂದ ಪಾರಾಗಿ ಹೊರಗೆ ಬಂತು.

ಹಿಂದೆ ಕೂತಿದ್ದ ಓಬಳೇಶನ ಮೈಗೆ ಎಲ್ಲ ಗೊತ್ತಾಯಿತು. ತೀರಿಕೊಂಡವರ ದನಿಯನ್ನು ಪಕ್ಕದ ಕೋಣೆಯಿಂದ ಕೇಳಿದ ಹಾಗಾಯಿತು ಅವನಿಗೆ. ಅವಳ ಬೆನ್ನಿಗೆ ಹಣೆಯಿಟ್ಟ.

ಅನಸೂಯ ರಸ್ತೆ ಪಕ್ಕಕ್ಕೆ ನಿಲ್ಲಿಸಿ ಇಳಿದಳು. ಜೊತೆಗೈಯನ್ನು ಹಲ್ಲಿನಿಂದ ಕಚ್ಚಿ ಎಳೆದು ತೆಗೆದು ಸೀಟಿನ ಮೇಲೆ ಎಸೆದಳು.

"ನೀನೇ ಹಿಡಿದಂಗಾಯ್ತು ಕಣೋ," ಎಂದಳು ಅಳುತ್ತ. "ಇಷ್ಟು ದಿನ ಗೊತ್ತಾಗಿರ್ಲಿಲ್ಲ. ನೀನು ಹಿಂದೆ ಇದ್ದೀಯ, ನಿನ್ನ ಕೈ ಇಲ್ಲಿ... ನಾನು ಇದನ್ನ ಇನ್ಮೇಲೆ ತೊಡಲ್ಲ. ನನ್ನ ಕೈಲಾಗಲ್ಲ."

ಮಳೆ ಅವರಿಬ್ಬರ ಮೇಲೆ ಸುರಿಯುತ್ತಿತ್ತು. ಓಬಳೇಶ ಜೊತೆಗೈಯನ್ನು ಎತ್ತಿಕೊಂಡು, ಒಳಗೆ ಹೋಗಿದ್ದ ನೀರನ್ನು ಕೊಡವಿ, ಅವಳ ಬಲಗೈಯನ್ನು ಹಿಡಿದು ಒಂದೊಂದೇ ಬೆರಳಿಗೆ ತೊಡಿಸಿದ. ಮೊಣಕೈವರೆಗೆ ಎಳೆದು ಪಟ್ಟಿ ಬಿಗಿದ.

"ಹಾಕ್ಕೊಂಡಿರು," ಎಂದ. "ಇನ್ನೂ ಇಳಿಜಾರಿದೆ ಮುಂದೆ."